ರೇಸ್ ಆಟ, ಮಾನಿಟರ್ ಮತ್ತು ನಮ್ಮ ಮಸಿನಗುಡಿ ಹುಡುಗ

ಕನ್ನಡ ಮೇಷ್ಟ್ರಿಗೆ ಕಂಪ್ಯೂಟರ್ ಆಟದ ಉಸಾಬರಿ ಯಾಕೆ ಎಂದು ಕೇಳುವವರು ಕೇಳಲಿ. ನಮ್ಮಲ್ಲಿ ಓದಿ, ಪ್ಲಸ್ ಟು ಮುಗಿಸಿ, ಮಸಿನಗುಡಿಯಲ್ಲಿ ಜೀಪುಗಳ ಜೊತೆ ಹೆಲ್ಪರ್ ಆಗಿ ಹೋಗುವ ಹುಡುಗನೊಬ್ಬ ಒಂದು ಸೀಸನ್ನಿನ ಉಳಿತಾಯ ಹದಿನಾಲ್ಕು ಸಾವಿರ ರೂಪಾಯಿ ಇಟ್ಟುಕೊಂಡು "ಸಾರ್, ರೇಸ್ ಆಟಕ್ಕೆ ಯಾವ ಮಾನಿಟರ್ ತಗೊಳ್ಳಲಿ?" ಎಂದು ಕೇಳಿದರೆ ನಾವು ಏನು ಹೇಳಬೇಕು? ಟಿಸಿಎಚ್ ಓದುವಾಗ ಇದನ್ನು ನಮಗೆ ಯಾರೂ ಕಲಿಸಲಿಲ್ಲ. ಆದರೆ ಹುಡುಗ ಬೇರೆ ಯಾರನ್ನು ಕೇಳಬೇಕು ಹೇಳಿ.

ಅವನ ಅಮ್ಮನ ಮಾತು ಬೇರೆ. ಆಕೆ ಲಾಡ್ಜೊಂದರಲ್ಲಿ ಅಡುಗೆ ಮಾಡುತ್ತಾರೆ. ಜೀಪ್ ಓಡಿಸುತ್ತಿದ್ದ ಅವನ ತಂದೆ ಈಗಿಲ್ಲ. "ಆ ದುಡ್ಡಲ್ಲಿ ಲೈಸೆನ್ಸ್ ಮಾಡಿಸ್ಕೊಳ್ಳಲಿ ಸಾರ್, ಹೊಟ್ಟೆಪಾಡು ನೋಡ್ಕೊಳ್ಳಲಿ. ಆಟಕ್ಕೆ ಅಷ್ಟು ದುಡ್ಡಾ?" ಇದಕ್ಕೆ ಎದುರು ಮಾತಾಡುವುದು ಸುಲಭವಲ್ಲ. ಹುಡುಗನ ವಾದವೂ ಪೂರ್ತಿ ಪೊಳ್ಳಲ್ಲ. ನಮ್ಮ ಬೆಟ್ಟದ ಕೆಳಗೇ ಕೊಯಮತ್ತೂರು. ಅಲ್ಲಿ 2003ರಿಂದ ಕರಿ ಮೋಟಾರ್ ಸ್ಪೀಡ್‌ವೇ ಇದೆ. 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಅದೇ ಊರಿನವರು. ನಿಜವಾದ ರೇಸ್ ಕಾರಿಗೆ ಬೇಕಾದ ದುಡ್ಡು ಜೀಪ್ ಹೆಲ್ಪರಿಗೆ ಎಲ್ಲಿಂದ ಬರಬೇಕು? ಆದರೆ ಬ್ರಿಟನ್ನಿನ ಜಾನ್ ಮಾರ್ಡನ್‌ಬರೋ ಎಂಬ ಹುಡುಗ ಗ್ರ್ಯಾನ್ ಟುರಿಸ್ಮೋ ಆಟ ಆಡಿಯೇ 2011ರಲ್ಲಿ ಜಿಟಿ ಅಕಾಡೆಮಿ ಸ್ಪರ್ಧೆ ಗೆದ್ದು, 2013ರಲ್ಲಿ ಲ ಮಾನ್ ರೇಸಿನಲ್ಲಿ ನಿಜವಾದ ಕಾರು ಓಡಿಸಿದ. ಅವನ ಕಥೆ 2023ರಲ್ಲಿ ಸಿನಿಮಾ ಆಗಿ ಬಂತು. ಅದನ್ನು ನೋಡಿಯೇ ನಮ್ಮವನಿಗೆ ಈ ಹುಚ್ಚು ಹತ್ತಿದ್ದು.

ಸರಿ, ವಿಷಯಕ್ಕೆ ಬರೋಣ. ಅವನಲ್ಲಿದ್ದದ್ದು ಹಳೆಯದೊಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್, ಒಂದು ಸಾಧಾರಣ ಆಟದ ಸ್ಟೀರಿಂಗ್, ಮನೆಯ 32 ಇಂಚಿನ ಟಿವಿ. ಆಡುವುದು ಅಸೆಟ್ಟೋ ಕೊರ್ಸಾ, 2014ರ ಆಟ. ಅವನ ದೂರು ಇಷ್ಟೇ: "ನಾನು ತಿರುಗಿಸಿದ ಮೇಲೆ ಕಾರು ಯೋಚನೆ ಮಾಡಿ ತಿರುಗುತ್ತೆ ಸಾರ್."

ಈ 'ಯೋಚನೆ ಮಾಡುವ' ಹೊತ್ತೇ ಇನ್‌ಪುಟ್ ಲ್ಯಾಗ್. ನಾವು ಮಕ್ಕಳಿಗೆ ಹೇಳುವಾಗ 'ಕೈ-ಕಣ್ಣಿನ ತಡ' ಎನ್ನುತ್ತೇವೆ. ಕೈ ಸ್ಟೀರಿಂಗ್ ತಿರುಗಿಸಿದ ಕ್ಷಣದಿಂದ ಅದು ಪರದೆಯಲ್ಲಿ ಕಾಣುವ ಕ್ಷಣದವರೆಗಿನ ಸಮಯ. ಇದರಲ್ಲಿ ಸ್ಟೀರಿಂಗಿನ ಪಾಲು, ಆಟದ ಪಾಲು, ಗ್ರಾಫಿಕ್ಸ್ ಕಾರ್ಡಿನ ಪಾಲು, ಕೊನೆಗೆ ಪರದೆಯ ಪಾಲು ಎಲ್ಲ ಸೇರಿರುತ್ತವೆ.

ಹಳಬರಿಗೆ ಒಂದು ಸೋಜಿಗ ಹೇಳುತ್ತೇವೆ. 2006ರಲ್ಲಿ ತಮಿಳುನಾಡು ಸರ್ಕಾರ ಮನೆಮನೆಗೆ ಉಚಿತವಾಗಿ ಬಣ್ಣದ ಟಿವಿ ಕೊಡಲು ಶುರುಮಾಡಿತಲ್ಲ, ಆ 14 ಇಂಚಿನ ದಪ್ಪ ಡಬ್ಬ, ಅದರಲ್ಲಿ ಈ ತಡ ಹೆಚ್ಚುಕಡಿಮೆ ಇರಲೇ ಇಲ್ಲ! ಸಿಗ್ನಲ್ ಬಂದ ಹಾಗೇ ಗೆರೆಗೆರೆಯಾಗಿ ಚಿತ್ರ ಬರೆದುಬಿಡುತ್ತಿತ್ತು. ಈಗಿನ ಚಪ್ಪಟೆ ಟಿವಿ ಹಾಗಲ್ಲ. ಚಿತ್ರವನ್ನು ಒಳಗೆ ಹಿಡಿದಿಟ್ಟು, ಬಣ್ಣ ತಿದ್ದಿ, ಎರಡು ಚಿತ್ರಗಳ ನಡುವೆ ಇನ್ನೊಂದು ಚಿತ್ರ ತಾನೇ ಕಲ್ಪಿಸಿ ಸೇರಿಸಿ, ಆಮೇಲೆ ತೋರಿಸುತ್ತದೆ. ಸೀರಿಯಲ್ ನೋಡುವವರಿಗೆ ಇದರಿಂದ ನಷ್ಟವಿಲ್ಲ. ಸ್ಟೀರಿಂಗ್ ಹಿಡಿದವನಿಗೆ ನಷ್ಟ.

ಮೈಸೂರಿನ ಅಂಗಡಿಯೊಂದರಲ್ಲಿ ಹುಡುಗನಿಗೆ ಹದಿಮೂರೂವರೆ ಸಾವಿರದ ಮಾನಿಟರ್ ತೋರಿಸಿದ್ದರಂತೆ. 180 ಹರ್ಟ್ಸ್. ಡಬ್ಬದ ಮೇಲೆ ದಪ್ಪಕ್ಷರದಲ್ಲಿ '1 ಮಿಲಿಸೆಕೆಂಡ್'. "ಒಂದೇ ಮಿಲಿಸೆಕೆಂಡ್ ತಡ ಸಾರ್" ಎಂದು ಹುಡುಗ ನಂಬಿಕೊಂಡು ಬಂದಿದ್ದ. ಅಲ್ಲ ಮಾರಾಯಾ! ಅದು ರೆಸ್ಪಾನ್ಸ್ ಟೈಮ್. ಪರದೆಯ ಒಂದು ಚುಕ್ಕಿ ಒಂದು ಬಣ್ಣದಿಂದ ಇನ್ನೊಂದಕ್ಕೆ ಬದಲಾಗುವ ಹೊತ್ತು. ಅದು ಹೆಚ್ಚಿದ್ದರೆ ಓಡುವ ಕಾರಿನ ಹಿಂದೆ ನೆರಳು ಎಳೆದಂತೆ ಕಾಣುತ್ತದೆ, ಅಷ್ಟೇ. ಕೈ-ಕಣ್ಣಿನ ತಡ ಅದರಲ್ಲಿ ಬರುವುದಿಲ್ಲ, ಅದನ್ನು ಡಬ್ಬದ ಮೇಲೆ ಬರೆಯುವವರೂ ಅಪರೂಪ.

ಬರೆಯದಿದ್ದರೇನು, ನಾವೇ ಅಳೆಯಬಹುದು. ಒಂದು ಭಾನುವಾರ ಅವನ ಮನೆಗೆ ಹೋದೆವು. ಫೋನಿನ ಸ್ಲೋ ಮೋಷನ್ ಕ್ಯಾಮೆರಾದಲ್ಲಿ ಸೆಕೆಂಡಿಗೆ 240 ಚಿತ್ರ ಬರುತ್ತವೆ. ಅಂದರೆ ಒಂದು ಚಿತ್ರಕ್ಕೆ ಸುಮಾರು 4.2 ಮಿಲಿಸೆಕೆಂಡು. ಹುಡುಗನ ಕೈ, ಪರದೆಯ ಮೇಲಿನ ಸ್ಟೀರಿಂಗ್, ಎರಡೂ ಒಟ್ಟಿಗೆ ಕಾಣುವಂತೆ ಫೋನ್ ಇಟ್ಟು, ಅವನಿಗೆ ತಟಕ್ಕನೆ ತಿರುಗಿಸಲು ಹೇಳಿದೆವು. ಆಮೇಲೆ ಒಂದೊಂದೇ ಚಿತ್ರ ಸರಿಸುತ್ತಾ ಎಣಿಕೆ. ಎಣಿಸುವ ಕೆಲಸ ಅಮ್ಮನಿಗೇ ಕೊಟ್ಟೆವು. ಒಂದು, ಎರಡು, ಮೂರು.... ಮೂವತ್ತೊಂದಕ್ಕೆ ಪರದೆಯ ಸ್ಟೀರಿಂಗ್ ಅಲುಗಿತು. 129 ಮಿಲಿಸೆಕೆಂಡು! ಆಕೆ ಸುಮ್ಮನೆ ನೋಡಿ, "ಇದು ಬ್ರೇಕ್ ಒತ್ತಿದ ಮೇಲೆ ಸಾವಕಾಶ ನಿಲ್ಲೋ ಜೀಪಿನಂಗೈತೆ" ಎಂದರು. ಇಷ್ಟು ಚೆನ್ನಾಗಿ ನಾವೂ ಹೇಳಲಾರೆವು.

ಲೆಕ್ಕ ಹಾಕಿ ನೋಡಿ. ಆಟದ ಕಾರು ಗಂಟೆಗೆ 180 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ 50 ಮೀಟರ್. 129 ಮಿಲಿಸೆಕೆಂಡಿನಲ್ಲಿ ಆರೂವರೆ ಮೀಟರ್ ಹತ್ತಿರ. ಒಂದೂವರೆ ಜೀಪಿನಷ್ಟು ದೂರ ಅವನು ಕುರುಡನಾಗಿ ಹೋಗುತ್ತಿದ್ದ. (ವೇಗದ ಲೆಕ್ಕ ಕಲಿಸುವ ಮೇಷ್ಟ್ರುಗಳು ಇದನ್ನು ತರಗತಿಯಲ್ಲಿ ಬಳಸಿ ನೋಡಿ, ಕೊನೇ ಬೆಂಚೂ ಎದ್ದು ಕೂರುತ್ತದೆ.)

ದುಡ್ಡಿಲ್ಲದ ಕೆಲಸ ಮೊದಲು. ಟಿವಿಯ ಸೆಟ್ಟಿಂಗಿನಲ್ಲಿ 'ಗೇಮ್ ಮೋಡ್' ಹುಡುಕಿ ಹಾಕಿದೆವು. ಟಿವಿ ಬಣ್ಣ ತಿದ್ದುವ ಚಾಳಿ ಬಿಟ್ಟಿತು. ಎಣಿಕೆ 17ಕ್ಕೆ ಇಳಿಯಿತು, ಅಂದರೆ 71 ಮಿಲಿಸೆಕೆಂಡು. ನಂತರ ಆಟದೊಳಗೆ ವಿ-ಸಿಂಕ್ ತೆಗೆದೆವು. ಅದು ಚಿತ್ರ ಹರಿಯದಂತೆ ಕಾಯುತ್ತದೆ, ಆದರೆ ಪರದೆಯ ಸರದಿ ಬರುವ ತನಕ ಚಿತ್ರವನ್ನು ಸಾಲಿನಲ್ಲಿ ನಿಲ್ಲಿಸುತ್ತದೆ. ಈಗ 13, ಅಂದರೆ 54. ಒಂದು ಪೈಸೆ ಖರ್ಚಿಲ್ಲದೆ ಅರ್ಧಕ್ಕಿಂತ ಹೆಚ್ಚು ತಡ ಹೋಯಿತು. ಅಮ್ಮನ ಮುಖ ಅರಳಿತು, ಮಗನದು ಸ್ವಲ್ಪ ಬಾಡಿತು :-)

ಆದರೆ ಹುಡುಗ ಹೇಳಿದ ಇನ್ನೊಂದು ಮಾತು ನಮಗೆ ಹಿಡಿಸಿತು. ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳು. ಹಳೇ ಜೀಪಿನ ಸ್ಟೀರಿಂಗಿನಲ್ಲಿ ಸಡಿಲ ಇದ್ದೇ ಇರುತ್ತದೆ. ಡ್ರೈವರ್‌ಗಳು ಅದಕ್ಕೆ ಒಗ್ಗಿಕೊಂಡು, ಒಂದು ಚೂರು ಮೊದಲೇ ತಿರುಗಿಸುತ್ತಾರೆ. "ದಿನಾ ಅಷ್ಟೇ ಸಡಿಲ ಇದ್ರೆ ತೊಂದ್ರೆ ಇಲ್ಲ ಸಾರ್, ಒಂದೊಂದು ತಿರುವಿಗೆ ಒಂದೊಂದು ಥರ ಇದ್ರೆ ಗೋವಿಂದ." ಪರದೆಯ ತಡವೂ ಹೀಗೆಯೇ. ಒಂದೇ ಸಮನಾದ ತಡಕ್ಕೆ ಕೈ ಒಗ್ಗುತ್ತದೆ, ಏರುಪೇರಾದ ತಡಕ್ಕೆ ಒಗ್ಗುವುದಿಲ್ಲ. ವಿ-ಸಿಂಕ್ ತೆಗೆದ ಮೇಲೆ ಅವನ ಟಿವಿಯಲ್ಲಿ ಚಿತ್ರ ಅಡ್ಡಡ್ಡ ಹರಿಯುತ್ತಿತ್ತು, ತಡವೂ ಒಂದೇ ಸಮ ಇರಲಿಲ್ಲ. ಇದಕ್ಕೆ ಮದ್ದು ಫ್ರೀಸಿಂಕ್ ಥರದ ವ್ಯವಸ್ಥೆ. ಕಾರ್ಡು ಚಿತ್ರ ಕೊಟ್ಟಾಗಲೇ ಪರದೆ ಬದಲಾಗುತ್ತದೆ. ಅದು ಆ ಟಿವಿಯಲ್ಲಿ ಇರಲಿಲ್ಲ. ಹಾಗಾಗಿ ಮಾನಿಟರ್ ಬೇಕೇ ಬೇಕಿತ್ತು. ಆದರೆ ಹದಿಮೂರೂವರೆ ಸಾವಿರದ್ದೇ ಬೇಕೇ?

60 ಹರ್ಟ್ಸ್ ಪರದೆ 16.7 ಮಿಲಿಸೆಕೆಂಡಿಗೊಮ್ಮೆ ಹೊಸ ಚಿತ್ರ ತೋರಿಸುತ್ತದೆ, 100 ಹರ್ಟ್ಸ್‌ನದು 10ಕ್ಕೊಮ್ಮೆ, 180ರದು 5.6ಕ್ಕೊಮ್ಮೆ. 60ರಿಂದ 100ಕ್ಕೆ ಹೋದರೆ ಉಳಿಯುವುದು 6.7, ಅಲ್ಲಿಂದ 180ಕ್ಕೆ ಹೋದರೆ ಉಳಿಯುವುದು 4.4 ಮಾತ್ರ. ಅದೂ ಕಾರ್ಡು ಅಷ್ಟು ಚಿತ್ರ ಕೊಟ್ಟರೆ. ಅವನ ಹಳೇ ಕಾರ್ಡು ಸೆಕೆಂಡಿಗೆ ಎಪ್ಪತ್ತೆಂಬತ್ತು ಚಿತ್ರಕ್ಕಿಂತ ಮೇಲೆ ಹೋಗುತ್ತಿರಲಿಲ್ಲ. ಹೆಚ್ಚಿನ ಹರ್ಟ್ಸ್ ಒಳ್ಳೆಯದೇ, ನಾವು ಇಲ್ಲ ಎನ್ನುವುದಿಲ್ಲ. ದೊಡ್ಡ ಕಾರ್ಡು ಇದ್ದವರು ಕೊಳ್ಳಲಿ. ಇವನಿಗೆ 24 ಇಂಚು, ಐಪಿಎಸ್, 100 ಹರ್ಟ್ಸ್, ಫ್ರೀಸಿಂಕ್ ಇರುವುದು ಸಾಕು ಎಂದೆವು. ಏಳು ಸಾವಿರ ಚಿಲ್ಲರೆಗೆ ಸಿಕ್ಕಿತು. ಉಳಿದದ್ದು ಡ್ರೈವಿಂಗ್ ಲೈಸೆನ್ಸಿಗೆ. ಅಮ್ಮ ಅದನ್ನು ಅಲ್ಲೇ ಎಣಿಸಿ ಬೇರೆ ಕಟ್ಟಿ ಇಟ್ಟರು.

ಮೈಸೂರಿನಿಂದ ತರುವುದೂ ಒಂದು ಸಾಹಸವೇ. ಬಂಡೀಪುರದ ಗೇಟು ರಾತ್ರಿ ಒಂಬತ್ತಕ್ಕೆ ಬೀಳುತ್ತದೆ, 2009ರಿಂದಲೂ ಇದೇ ಕಟ್ಟಳೆ. ಕೊಳ್ಳುವವರು ಬೆಳಿಗ್ಗೆಯೇ ಹೋಗಿ, ಅಂಗಡಿಯಲ್ಲೇ ಹಾಕಿಸಿ, ಪರದೆಯಲ್ಲಿ ಸತ್ತ ಚುಕ್ಕಿ ಇದೆಯೇ ನೋಡಿ ತನ್ನಿ. ಬಸ್ಸಿನಲ್ಲಿ ಡಬ್ಬವನ್ನು ಮಲಗಿಸಬೇಡಿ.

ಮನೆಗೆ ತಂದು ಹಾಕಿದಾಗ ಎಣಿಕೆ 12. ಬರೀ ಒಂದು ಕಡಿಮೆ! ಹುಡುಗನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನೋಡಿದರೆ ವಿಂಡೋಸ್ ಇನ್ನೂ 60 ಹರ್ಟ್ಸ್‌ನಲ್ಲೇ ಕೂತಿದೆ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 100 ಎಂದು ನಾವೇ ಆರಿಸಬೇಕು, ಫ್ರೀಸಿಂಕನ್ನೂ ಮಾನಿಟರಿನ ಮೆನುವಿನಲ್ಲಿ ಹಾಕಬೇಕು. ಹಾಕಿದ ಮೇಲೆ 10, ಅಂದರೆ 42 ಮಿಲಿಸೆಕೆಂಡು. ಅದೇ 180 ಕಿ.ಮೀ. ವೇಗದಲ್ಲಿ ಎರಡು ಮೀಟರಿನ ಆಸುಪಾಸು. ಉಳಿದ ತಡ ಸ್ಟೀರಿಂಗು ಮತ್ತು ಹಳೇ ಕಂಪ್ಯೂಟರಿನದು, ಅದಕ್ಕೆ ಮಾನಿಟರ್ ಏನೂ ಮಾಡಲಾರದು.

ಊಟಿ ಕಡೆಯವರಿಗೆ ಇನ್ನೊಂದು ಮಾತು. ಡಿಸೆಂಬರ್-ಜನವರಿಯ ಹಿಮ ಬೀಳುವ ಬೆಳಗಿನಲ್ಲಿ ಎಲ್‌ಸಿಡಿ ಪರದೆಯೊಳಗಿನ ದ್ರವಸ್ಫಟಿಕ ಚಳಿಗೆ ಮಂದವಾಗುತ್ತದೆ, ಕೊಬ್ಬರಿ ಎಣ್ಣೆಯ ಹಾಗೆ. ಚುಕ್ಕಿಗಳು ನಿಧಾನಕ್ಕೆ ಬದಲಾಗಿ, ಓಡುವ ಕಾರಿನ ಹಿಂದೆ ನೆರಳು ಎಳೆಯುತ್ತದೆ. ಮಾನಿಟರ್ ಕೆಟ್ಟಿದೆ ಎಂದು ಗಾಬರಿಯಾಗಿ ಅಂಗಡಿಗೆ ಓಡಬೇಡಿ. ಕಾಲು ಗಂಟೆ ಉರಿಸಿ ಬಿಸಿಯಾಗಲು ಬಿಟ್ಟು, ಆಮೇಲೆ ಆಡಿ ನೋಡಿ.