ಅಡಿಯಲ್ಲಿ ಬರೆದ ಮೊತ್ತ

ರೇಷ್ಮೆಗೂಡಿನ ವ್ಯಾಪಾರ ಬಲ್ಲ ಶಿಡ್ಲಘಟ್ಟದವರಿಗೆ ಲೆಕ್ಕದ ಪುಸ್ತಕದ ಕೊನೆಯ ಸಾಲಿನ ಬೆಲೆ ಗೊತ್ತು. ನಡುವೆ ಯಾರಾದರೂ ಒಂದು ಅಂಕಿ ತಿದ್ದಿದರೆ ಅಡಿಯಲ್ಲಿ ಬರೆದ ಮೊತ್ತ ತಾಳೆಯಾಗುವುದಿಲ್ಲ. ಕಂಪ್ಯೂಟರ್ ಆಟಗಳಲ್ಲೂ ಇದೇ ಉಪಾಯವಿದೆ. 2009ರಲ್ಲಿ ಅಕ್ಕನ ಮನೆಯಲ್ಲಿ ಆ ತಿಳಿವಳಿಕೆ ಉಪಯೋಗಕ್ಕೆ ಬಂತು.

ಅಕ್ಕನ ಮನೆಯವರದು ರೇಷ್ಮೆ ನೂಲು ಬಿಚ್ಚಾಣಿಕೆ. ದೊಡ್ಡ ಮಗ ದುಡಿಯಲು ದುಬೈಗೆ ಹೋಗುವ ಮುನ್ನ 'ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್' ಎಂಬ 2005ರ ಕಾರು ಪಂದ್ಯದ ಆಟದಲ್ಲಿ ಮುಳುಗಿರುತ್ತಿದ್ದ. ಅದರಲ್ಲಿ 15 ಎದುರಾಳಿಗಳು. ಕೊನೆಯವನಿಂದ ಆರಂಭಿಸಿ ಒಬ್ಬೊಬ್ಬರನ್ನೇ ಸೋಲಿಸುತ್ತಾ ಮೊದಲ ಸ್ಥಾನದ ರೇಜರ್‌ನನ್ನು ತಲುಪಬೇಕು. ಇವನು ನಾಲ್ಕನೆಯವನವರೆಗೆ ಬಂದು ವಿಮಾನ ಹತ್ತಿದ. ಪ್ರತಿ ಶುಕ್ರವಾರದ ಫೋನಿನಲ್ಲಿ ಅಮ್ಮನ ಬಿ.ಪಿ., ಗೂಡಿನ ದರ ವಿಚಾರಿಸಿದ ಮೇಲೆ ತಮ್ಮನಿಗೊಂದು ಪ್ರಶ್ನೆ: "ನನ್ನ ಆಟ ಮುಟ್ಟಿಲ್ಲ ತಾನೇ?"

ತಮ್ಮ ಮುಟ್ಟಿದ್ದ. ಅಣ್ಣ ಗೆದ್ದ ಹಣ 1,84,250 ಇತ್ತು. ಅದನ್ನು ಕೋಟಿ ಮಾಡುವ ಆಸೆಯಿಂದ, ಆಟವನ್ನು ಉಳಿಸಿಟ್ಟ ಫೈಲನ್ನು ಹೆಕ್ಸ್ ಎಡಿಟರ್‌ನಲ್ಲಿ ತೆರೆದು ಅಂಕಿ ತಿದ್ದಿದ. ಆಟ ಫೈಲು ಕೆಟ್ಟಿದೆ ಎಂದು ಬಾಗಿಲು ಮುಚ್ಚಿತು. ಚಿಂತಾಮಣಿಯ ಅಂಗಡಿಯೊಂದರಲ್ಲಿ ವಿಂಡೋಸ್ ಮತ್ತೆ ಹಾಕಬೇಕೆಂದರಂತೆ. ಡಿಸ್ಕ್ ಅಳಿಸಿದ್ದರೆ ಕತೆಯೇ ಮುಗಿಯುತ್ತಿತ್ತು. ಪುಣ್ಯಕ್ಕೆ ಹುಡುಗ ಒಪ್ಪಲಿಲ್ಲ.

ಗೌರಿಬಿದನೂರಿನಿಂದ ಹೊರಟು, ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಹೋದೆ. ಮೊದಲು ಆ ಕೆಟ್ಟ ಫೈಲಿನದೇ ಒಂದು ಪ್ರತಿ ಮಾಡಿಟ್ಟೆ. ಕೆಟ್ಟದ್ದನ್ನು ಇನ್ನಷ್ಟು ಕೆಡಿಸುವುದು ಬಹಳ ಸುಲಭ. ಹಳೆಯ ಮೊತ್ತ ಹುಡುಗನ ಗಣಿತದ ನೋಟ್‌ಬುಕ್ಕಿನ ಅಂಚಿನಲ್ಲಿತ್ತು. ಅದು ಗೊತ್ತಿಲ್ಲದೆ ಫೈಲಿನಲ್ಲಿ ಹಣವನ್ನು ಮೊದಲಿನಂತೆ ಮಾಡಲಾಗದು. 16ರ ಲೆಕ್ಕದಲ್ಲಿ 1,84,250 ಎಂದರೆ 02, ಸಿಎಫ್, ಬಿಎ. ಫೈಲಿನಲ್ಲಿ ಮಾತ್ರ ಅದು ತಿರುಗುಮುರುಗಾಗಿ ಬಿಎ, ಸಿಎಫ್, 02 ಎಂದಿರುತ್ತದೆ. ಅಕ್ಷರವನ್ನು ಬಲದಿಂದಲೂ ಅಂಕಿಯನ್ನು ಎಡದಿಂದಲೂ ಬರೆಯುವ ಉರ್ದು ಕಲಿತ ನಮಗೆ ಇದೇನೂ ವಿಚಿತ್ರವಲ್ಲ!

ಅಡಿಯ ಮೊತ್ತವನ್ನು ಹೊಸದಾಗಿ ಹಾಕುವ ಅಗತ್ಯವಿರಲಿಲ್ಲ. ಹುಡುಗ ಅದನ್ನು ಮುಟ್ಟಿರಲಿಲ್ಲ, ಹಾಗಾಗಿ ಅದಿನ್ನೂ ಅಣ್ಣನ ಲೆಕ್ಕವನ್ನೇ ಹೇಳುತ್ತಿತ್ತು. ಪ್ರತಿ ಬೈಟೂ ಮೊದಲಿನಂತಾದರೆ ತಾಳೆಯಾಗಲೇಬೇಕು.

ಆಗಲಿಲ್ಲ. ಬೇರೊಂದು ಹೆಸರಿನಲ್ಲಿ ಹೊಸ ಆಟ ಉಳಿಸಿ ಗಾತ್ರ ಹೋಲಿಸಿದೆ. ನಮ್ಮ ಫೈಲು ಒಂದೇ ಒಂದು ಬೈಟ್ ದೊಡ್ಡದಿತ್ತು. ಒಂದು ಬೈಟ್ ನಡುವೆ ನುಸುಳಿದರೆ ಅದರ ಮುಂದಿನದೆಲ್ಲ ಒಂದೊಂದು ಮನೆ ಆಚೆ ಸರಿಯುತ್ತದೆ.

"ಇನ್ನೇನು ಮುಟ್ಟಿದ್ದೀ?" ಎಂದೆ.

ಹುಡುಗ ನೆಲ ನೋಡಿದ. "ಹೆಸರು" ಎಂದ.

ಅಣ್ಣನ ಹೆಸರು ತೆಗೆದು ತನ್ನದನ್ನು ಬರೆದಿದ್ದ. ಇವನ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚು. ದೂರ ಹೋದ ಅಣ್ಣನ ಜಾಗದಲ್ಲಿ ಕೂರುವ ಆಸೆ ಎಷ್ಟೋ ಮನೆಗಳಲ್ಲಿರುತ್ತದೆ. ನಾನು ಗದರಲಿಲ್ಲ. ಹೆಚ್ಚಿನ ಅಕ್ಷರ ತೆಗೆದು ಹಳೆಯ ಹೆಸರನ್ನು ಅವನ ಕೈಯಲ್ಲೇ ಬರೆಸಿದೆ. ಆಟ ತೆರೆಯಿತು.

ಆ ಶುಕ್ರವಾರ ಫೋನು ಬಂದಾಗ ಕೇಳುವ ಮೊದಲೇ ಹೇಳಿದ: "ಮುಟ್ಟಿದ್ದೆ. ಈಗ ಸರಿಯಾಗಿದೆ." ಆಚೆಯ ಮಾತು ನನಗೆ ಕೇಳಿಸಲಿಲ್ಲ. ಅಂದು ಸಂಜೆಯೇ ಅವನು ತನ್ನ ಹೆಸರಿನಲ್ಲಿ ಬೇರೆ ಆಟ ಶುರುಮಾಡಿದ, ಹದಿನೈದನೆಯವನಿಂದ.