ಮುಖವಾಡ ಕಳಚಿದ ಮೇಲೆ

ಕಳೆದ ಬೇಸಗೆಯ ರಜೆಯಲ್ಲಿ ನಾವು ಮಣಿಪಾಲದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಒಂದು ಸಂಜೆ ಮೊಮ್ಮಗನೂ ನೆರೆಮನೆಯ ಮಕ್ಕಳೂ ಕೂಡಿ, ತಾವು ಟಿ.ವಿ.ಯಲ್ಲಿ ಕಂಡ ‘ಸ್ಕೂಬಿ-ಡೂ’ ಎಂಬ ಕಾರ್ಟೂನನ್ನು ಆಡಿ ತೋರಿಸಿದರು. ದೆವ್ವದ ವೇಷ ಮೊಮ್ಮಗನದು. ಮಿಕ್ಕವರು ಅವನನ್ನು ಹಿಡಿದು ಮುಸುಕನ್ನು ಎಳೆದರೆ, ಒಳಗಿದ್ದವರು ನಾವೇ! ಮೂಗಿನ ತುದಿಯಲ್ಲಿ ನಮ್ಮ ಕನ್ನಡಕ, ಹೆಗಲ ಮೇಲೆ ನಮ್ಮ ಶಾಲು. ‘ರಾಮಃ ರಾಮೌ ರಾಮಾಃ’ ಎಂದು ಪಾಠ ಹೇಳುವ ನಮ್ಮದೇ ರಾಗ.

“ಸಾಕು, ಅಜ್ಜನಿಗೆ ಬೇಸರವಾಗುತ್ತದೆ” ಎಂದು ಮಗಳು ಗದರಿದಳು. ಬೇಸರವೇನೂ ಆಗಲಿಲ್ಲ, ಆದರೆ ಹಳೆಯದೊಂದು ನೆನಪು ಮುಳ್ಳಿನಂತೆ ಚುಚ್ಚಿತು. ಮೂವತ್ತು ವರ್ಷಗಳ ಹಿಂದೆ ನಾವು ಕಾಪುವಿನ ಒಂದು ಶಾಲೆಯಲ್ಲಿ ಉಪಾಧ್ಯಾಯರಾಗಿದ್ದಾಗ, ವಾರ್ಷಿಕೋತ್ಸವದ ನಾಟಕದ ಅಭ್ಯಾಸದಲ್ಲಿ ಹುಡುಗನೊಬ್ಬನು ಇದೇ ರಾಗವನ್ನು ಅಣಕಿಸಿದ್ದನು. ಅದನ್ನು ಗುರುನಿಂದೆಯೆಂದು ಬಗೆದು ಅವನನ್ನು ನಾಟಕದಿಂದಲೇ ತೆಗೆದುಹಾಕಿದೆವು. ಅವನು ಮತ್ತೆಂದೂ ಆ ಶಾಲೆಯ ರಂಗವನ್ನೇರಲಿಲ್ಲ.

ಮೊಮ್ಮಗನು ಮೆಚ್ಚಿದ ಆ ಕಾರ್ಟೂನು ಅಮೆರಿಕದಲ್ಲಿ 1969ರಲ್ಲಿ ಆರಂಭವಾದುದು. ನಾಲ್ವರು ತರುಣರೂ ಒಂದು ಪುಕ್ಕಲು ನಾಯಿಯೂ ವ್ಯಾನಿನಲ್ಲಿ ಊರೂರು ಸುತ್ತುವರು. ಹೋದಲ್ಲೆಲ್ಲ ದೆವ್ವದ ಕಾಟ. ಕೊನೆಗೆ ಮುಖವಾಡವನ್ನು ಕಿತ್ತರೆ ಯಾವನೋ ದುರಾಶೆಯ ಮನುಷ್ಯ. ದೊಡ್ಡವರೂ ಇದನ್ನು ಬಿಟ್ಟಿಲ್ಲವೆಂದು ಅಳಿಯಂದಿರಿಂದ ತಿಳಿಯಿತು. 1992ರ ‘ವೇಯ್ನ್ಸ್ ವರ್ಲ್ಡ್’ ಎಂಬ ಸಿನಿಮಾ ತನ್ನ ಹಲವು ಮುಕ್ತಾಯಗಳಲ್ಲಿ ಒಂದನ್ನು ಹೀಗೆಯೇ ಮುಖವಾಡ ಕಳಚಿ ಮುಗಿಸಿತಂತೆ. ‘ಸೂಪರ್‌ನ್ಯಾಚುರಲ್’ ಎಂಬ ಧಾರಾವಾಹಿಯ ನಾಯಕರು 2018ರಲ್ಲಿ ಆ ಕಾರ್ಟೂನಿನೊಳಗೇ ಹೊಕ್ಕು, ಅಲ್ಲಿ ನಿಜವಾದ ದೆವ್ವವನ್ನೇ ಕಂಡರಂತೆ!

ಮಕ್ಕಳ ಪತ್ತೇದಾರಿ ಕಥೆಗೆ ಇಷ್ಟೊಂದು ಅಣಕವೇಕೆ? ಶೃಂಗಾರದ ಅನುಕರಣದಿಂದ ಹಾಸ್ಯವು ಹುಟ್ಟುವುದೆಂದು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳಿರುವನು. ಅಭಿನವಗುಪ್ತನು ಮುಂದುವರಿದು, ಯಾವ ರಸದ ಆಭಾಸವಾದರೂ ಹಾಸ್ಯಕ್ಕೆ ಕಾರಣವಾಗಬಲ್ಲುದೆಂದನು. ಈ ಕಥೆಗಳಲ್ಲಿರುವುದು ಭಯಾನಕದ ಆಭಾಸ. ದೆವ್ವವೂ ಸುಳ್ಳು, ಭಯವೂ ಸುಳ್ಳು. ಆದರೂ ಮಕ್ಕಳು ತೋರುವ ಗಾಂಭೀರ್ಯ ಮಾತ್ರ ನಿಜ. ಜೊತೆಗೆ, ಕಥೆಯ ಅಚ್ಚು ಒಂದೇ ಆದುದರಿಂದ ಅದು ಎಲ್ಲರಿಗೂ ಕಂಠಪಾಠ. ಮೂಲವನ್ನು ಅರಿಯದವನಿಗೆ ಅಣಕದಲ್ಲಿ ನಗು ಬಾರದಷ್ಟೆ.

ನಮ್ಮ ಬಾಲ್ಯವು ಕಾರ್ಕಳದಲ್ಲಿ ಕಳೆಯಿತು. ಬಯಲಾಟದ ರಾತ್ರಿ ಬಣ್ಣದ ವೇಷವು ಅಬ್ಬರಿಸುತ್ತ ಬಂದರೆ ನಾವು ಅಮ್ಮನ ಸೆರಗಿನಲ್ಲಿ ಮುಖವನ್ನು ಹುದುಗಿಸುತ್ತಿದ್ದೆವು. ಒಮ್ಮೆ ಬೆಳಗಾದ ಮೇಲೆ ಚೌಕಿಯಲ್ಲಿ ಇಣುಕಿದಾಗ, ಆ ರಾಕ್ಷಸನು ಅರ್ಧ ಬಣ್ಣ ತೆಗೆದ ಮುಖದಲ್ಲಿ ಚಹಾ ಕುಡಿಯುತ್ತ ಕುಳಿತಿದ್ದನು. ಅಂದೇ ಹಲಸಿನ ಮರದಡಿಯಲ್ಲಿ ಮಸಿ ಬಳಿದುಕೊಂಡು ಅದೇ ಅಬ್ಬರವನ್ನು ನಾವೂ ಹಾಕಿದೆವು. ಉಡುಪಿಯ ಅಷ್ಟಮಿಯಲ್ಲಿ ಹುಲಿವೇಷವನ್ನು ಕಂಡು ಅತ್ತ ಮಗುವೂ ಮರುದಿನ ಅಂಗಳದಲ್ಲಿ ಹುಲಿಯಾಗಿ ಕುಣಿಯುವುದಿಲ್ಲವೆ? ಒಮ್ಮೆ ನಂಬಿ ಹೆದರಿದುದನ್ನೇ ಮನುಷ್ಯನು ಪ್ರೀತಿಯಿಂದ ಅಣಕಿಸುವನು. ಬೆಳೆದವರಿಗೆ ಹಳೆಯ ಭಯದ ಬಳಿಗೆ ನಾಚಿಕೆಯಿಲ್ಲದೆ ಮರಳಲು ನಗುವೇ ದಾರಿ.

ಹಾಗಿದ್ದಲ್ಲಿ ಕಾಪುವಿನ ಆ ಹುಡುಗನು ಮಾಡಿದುದೇನು? ನಮ್ಮ ಸ್ವರದ ಏರಿಳಿತವನ್ನೆಲ್ಲ ಅವನಷ್ಟು ಗಮನವಿಟ್ಟು ಕೇಳಿದ ಶಿಷ್ಯನು ಇನ್ನೊಬ್ಬನಿರಲಿಲ್ಲ. ಅವನು ನಮಗೆ ಹೆದರುತ್ತಿದ್ದನು. ಆ ಹೆದರಿಕೆಯನ್ನು ನಗುವಾಗಿಸಲು ಹೊರಟಿದ್ದನು. ಪಾಠವನ್ನು ಚೆನ್ನಾಗಿ ಕಲಿತುದಕ್ಕೆ ನಾವು ಅವನನ್ನು ಶಿಕ್ಷಿಸಿದೆವು.

ಆ ಸಂಜೆ ಮೊಮ್ಮಗನನ್ನು ಹತ್ತಿರ ಕರೆದು, “ಇನ್ನೊಮ್ಮೆ ಮಾಡು, ಮಗಾ, ‘ರಾಮೌ’ ಎಂಬಲ್ಲಿ ಅಜ್ಜ ಇನ್ನೂ ಉದ್ದ ಎಳೆಯುತ್ತಾನೆ” ಎಂದೆವು. ಮನೆಯೆಲ್ಲ ನಕ್ಕಿತು, ನಾವೂ ನಕ್ಕೆವು. ಕಾಪುವಿನ ಆ ಹುಡುಗನಿಗೆ ಇದೇ ಮಾತನ್ನು ಅಂದೇ ಹೇಳಬೇಕಾಗಿದ್ದಿತು.