ಜಿರಳೆ ವಿಷವೇ?

"ಜಿರಳೆ ಬಾಯಿಗೆ ಹೋದ್ರೆ ಸತ್ತುಹೋಗ್ತೀವಾ, ಅಜ್ಜಿ?" ಸಾರಕ್ಕಿಯ ನಮ್ಮ ಮನೆಯಲ್ಲಿ ಮೊಮ್ಮಗಳು ಕೇಳಿದಳು.

ಮಕ್ಕಳೇ, ಜಿರಳೆಯ ಮೈಯಲ್ಲಿ ವಿಷವಿಲ್ಲ. ಶಾಂತಸಾಗರದ ದ್ವೀಪಗಳಲ್ಲಿರುವ ಒಂದು ಜಾತಿಯ ಜಿರಳೆ ಹೊಟ್ಟೆಯೊಳಗಿನ ಮರಿಗಳಿಗೆ ಹಾಲಿನಂಥ ದ್ರವ ಉಣಿಸುತ್ತದೆ. ಮರಿಯ ಕರುಳಿನಲ್ಲಿ ಅದು ಹರಳಾಗುತ್ತದೆ. ಅಷ್ಟೇ ತೂಕದ ಹಾಲಿಗಿಂತ ಆ ಹರಳಿನಲ್ಲಿ ಮೂರು ಪಟ್ಟಿಗೂ ಹೆಚ್ಚು ಶಕ್ತಿಯಿದೆ ಎಂದು 2016ರಲ್ಲಿ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ವಿಜ್ಞಾನಿಗಳು ಇತರರೊಡನೆ ಸೇರಿ ಅಂದಾಜಿಸಿದರು.

ಆದರೆ ನಮ್ಮ ಅಡುಗೆಮನೆಯ ಜಿರಳೆ ಬೇರೆ ಜಾತಿಯದು. ಚರಂಡಿಯಲ್ಲಿ ಓಡಾಡಿದ ಕಾಲಿನಲ್ಲೇ ಅದು ಅನ್ನದ ಮೇಲೂ ನಡೆಯುತ್ತದೆ. ಕಾಲಿಗಂಟಿದ ರೋಗಾಣುಗಳಿಂದ ವಾಂತಿ, ಭೇದಿ ಆಗಬಹುದು. ಅದರ ಹಿಕ್ಕೆಯ ಧೂಳು ಕೆಲವರಿಗೆ ಉಬ್ಬಸ ತರುತ್ತದೆ.

ಅಕಸ್ಮಾತ್ ನುಂಗಿದರೆ ಹೆದರಬೇಡಿ; ಬಾಯಿ ಮುಕ್ಕಳಿಸಿ, ದೊಡ್ಡವರಿಗೆ ತಿಳಿಸಿ. ವಾಂತಿ, ಭೇದಿ ಶುರುವಾದರೆ ವೈದ್ಯರಲ್ಲಿಗೆ ಹೋಗಿ. ರಾತ್ರಿ ಉಳಿದ ಅನ್ನದ ಪಾತ್ರೆಗೆ ಮುಚ್ಚಳ ಹಾಕಲು ಮರೆಯಬೇಡಿ.